ಪೈಪು ಗೋಡೆಯಿಂದ ಹೊರಗೆ ಬರಲಿ

ಚಡಚಣದ ಪೇಟೆಯಲ್ಲಿ, ಸುತ್ತಲಿನ ಓಣಿಗಳಲ್ಲಿ ಹಳೆ ಮನೆ ಉಳಿಸಿಕೊಂಡಿರುವ ಹಿರಿಯರಿಗೆ, ಆ ಮನೆಗಳಲ್ಲಿ ನೀರು ತುಂಬುವ ತಾಯಂದಿರಿಗೆ, ಪುಣೆ, ಸೊಲ್ಲಾಪುರ, ಬೆಂಗಳೂರಿನಲ್ಲಿ ಕೂತು ಊರಮನೆಯ ರಿಪೇರಿಗೆ ರೊಕ್ಕ ಕಳಿಸುವ ಮಕ್ಕಳಿಗೆ,



ಬೇಸಿಗೆ ಬಂತೆಂದರೆ ನನ್ನ ಅಂಗಡಿಗೆ ಎರಡು ಥರದ ಗಿರಾಕಿಗಳು ಬರುತ್ತಾರೆ. ಒಬ್ಬರು, "ನಳಕ್ಕ ಫೋರ್ಸೇ ಇಲ್ರಿ, ಒಂದು ಪ್ರೆಶರ್ ಪಂಪ್ ಕೊಡ್ರಿ" ಎನ್ನುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ಫೋಟೊ ತೋರಿಸಿ, "ಹಿಂಗ ಎಲ್ಲಾ ಗ್ವಾಡಿ ಒಳಗ ಹೋಗಬೇಕ್ರಿ, ಹೊರಗ ಏನೂ ಕಾಣಬಾರದು" ಎನ್ನುತ್ತಾರೆ. ಎರಡೂ ಮಾಲು ನನ್ನಲ್ಲಿವೆ, ಎರಡರಲ್ಲೂ ನನಗೆ ನಾಲ್ಕು ಕಾಸು ಸಿಗುತ್ತದೆ. ಆದರೂ ಈ ಪತ್ರ ಬರೆಯುತ್ತಿರುವುದು ಸದ್ಯಕ್ಕೆ ಎರಡೂ ಬೇಡ ಎಂದು ಹೇಳಲಿಕ್ಕೆ. ಗೋಡೆಯೊಳಗೆ ಹೂತಿರುವ ಹಳೆ ಜಿ.ಐ. ಪೈಪಿನ ಲೆಕ್ಕ ಮೊದಲು ಚುಕ್ತಾ ಆಗಲಿ. ನನ್ನ ಮಾತು ಇಷ್ಟೇ: ಆ ಪೈಪನ್ನು ತೇಪೆ ಹಾಕಿ ಬದುಕಿಸಲಿಕ್ಕೆ ಹೋಗಬೇಡಿ, ಗೋಡೆ ಒಡೆದು ಕೀಳಲಿಕ್ಕೂ ಹೋಗಬೇಡಿ. ಅದನ್ನು ಅಲ್ಲೇ ಬಿಟ್ಟು ಹೊಸ ಪೈಪನ್ನು ಗೋಡೆಯ ಹೊರಗೆ, ನಾಲ್ಕು ಮಂದಿಗೆ ಕಾಣುವ ಹಾಗೆ ಹಾಯಿಸಿ. ಪೈಪು ಮಾರುವವ ಪೈಪು ಹಾಕಿರೆನ್ನದೆ ಇನ್ನೇನೆಂದಾನು ಎಂದು ಯಾರಾದರೂ ನಕ್ಕರೆ ನನ್ನ ತಕರಾರಿಲ್ಲ. ಸೊಲ್ಲಾಪುರದಿಂದಲೇ ತಂದುಕೊಳ್ಳಿ, ಹಾಕುವುದನ್ನಂತೂ ಹೊರಗೆ ಹಾಕಿ.

ನಮ್ಮ ಹಳೆ ಮನೆಗಳು ನಳಕ್ಕೆಂದು ಕಟ್ಟಿದ ಮನೆಗಳಲ್ಲ. ಸಿಂಪಿ ಲಿಂಗಣ್ಣನವರು ಇದೇ ಊರಲ್ಲಿ 1905ರಲ್ಲಿ ಹುಟ್ಟಿದವರು. ಅವರು ಹಲಸಂಗಿಯ ಮಧುರಚೆನ್ನರ ಜೊತೆಗೂಡಿ ಹಳ್ಳಿಹಾಡು ಕಲೆಹಾಕುತ್ತಿದ್ದ ಕಾಲದ ಮನೆಗಳಿಗೆ ನೀರು ಬರುತ್ತಿದ್ದದ್ದು ಬಾವಿಯಿಂದ, ಹೆಣ್ಣುಮಕ್ಕಳ ತಲೆ, ಸೊಂಟದ ಮೇಲೆ. ಮೊಳಗಟ್ಟಲೆ ದಪ್ಪದ ಕಲ್ಲುಗೋಡೆ, ಕಲ್ಲು ಕಲ್ಲಿನ ನಡುವೆ ಸುಣ್ಣವಿಲ್ಲ, ಸಿಮೆಂಟಂತೂ ಇಲ್ಲ, ಬರೀ ಕೆಸರುಮಣ್ಣು. ಮೇಲೆ ತೊಲೆ, ಜಂತಿ, ಅದರ ಮೇಲೆ ಬಡಿದ ಮಣ್ಣಿನ ಮಾಳಿಗೆ. ನೆಲಕ್ಕೆ ಫರಸಿ. ಪೈಪು ಈ ಮನೆಯನ್ನು ಹೊಕ್ಕದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಕಂತುಕಂತಾಗಿ. ಮೊದಲು ಅಂಗಳದಲ್ಲೊಂದು ನಳ, ಆಮೇಲೆ ಬಚ್ಚಲಿಗೊಂದು, ಬೋರು ಹೊಡೆಸಿದ ಮೇಲೆ ಮಾಳಿಗೆಯಲ್ಲೊಂದು ಟಾಕಿ, ಸೊಸೆ ಬಂದ ಮೇಲೆ ಅಡಿಗೆಮನೆಗೆ. ಪ್ರತಿ ಸಲವೂ ಇದ್ದ ಪೈಪಿಗೆ ಒಂದು ಟೀ ಸಿಕ್ಕಿಸಿ ಮುಂದಕ್ಕೆ ಎಳೆದದ್ದೇ ಹೊರತು ಯಾರೂ ನಕ್ಷೆ ಬರೆದಿಟ್ಟಿಲ್ಲ. ಹಾಕಿದ ಗೌಂಡಿ ಈಗ ಇಲ್ಲ, ಹಾಕಿಸಿದ ಅಜ್ಜನೂ ಇಲ್ಲ. ಹೀಗಾಗಿ ಮನೆಗೆ ನೂರು ವರ್ಷವಾಗಿದ್ದರೂ ಅದು ಗಟ್ಟಿ, ಅದರೊಳಗಿನ ಪೈಪಿಗೆ ನಲವತ್ತೇ ಆಗಿದ್ದರೂ ಅದು ಮುಪ್ಪು. ಪೈಪಿನ ಸಿಟ್ಟನ್ನು ಮನೆಯ ಮೇಲೆ ತೀರಿಸಿ, "ಹಳೇದಾತು, ಕೆಡವಿ ಬಿಡೂಣು" ಎನ್ನುವವರನ್ನು ನಾನು ನೋಡುತ್ತಲೇ ಇದ್ದೇನೆ.

ನನ್ನ ಗಲ್ಲೆಯ ಮೇಲೆ ಅರ್ಧ ಇಂಚಿನ ಪೈಪಿನ ಒಂದು ತುಂಡು ಇಟ್ಟುಕೊಂಡಿದ್ದೇನೆ, ಯಾರದೋ ಬಚ್ಚಲಿಂದ ಕತ್ತರಿಸಿ ತೆಗೆದದ್ದು. ಹೊರಗಿನಿಂದ ನೋಡಿದರೆ ಇನ್ನೂ ಹತ್ತು ವರ್ಷ ಬಾಳೀತು ಅನ್ನಿಸುತ್ತದೆ, ಯಾರೋ ಅದಕ್ಕೆ ಎಣ್ಣೆಬಣ್ಣ ಬೇರೆ ಬಳಿದಿದ್ದಾರೆ. ಬಾಯಲ್ಲಿ ಇಣುಕಿದರೆ ಒಳಗೆ ತುಕ್ಕಿನ ಗಂಟುಗಳು. ಕೆಲವು ಕಡಲೆಕಾಳಿನಷ್ಟು ದಪ್ಪ, ಉಗುರಿನಿಂದ ಒತ್ತಿದರೆ ಮೇಲಿನ ಪೊರೆ ಒಡೆದು ಒಳಗಿಂದ ಕರಿ ಪುಡಿ ಉದುರುತ್ತದೆ. ಗಂಟುಗಳ ಸಂದಿಯಲ್ಲಿ ಬಿಳಿ ಕಿಟ್ಟ. ಮಗಳ ಪೆನ್ಸಿಲ್ ತೂರಿಸಿ ನೋಡಿದೆ, ಅರ್ಧಕ್ಕೇ ನಿಂತಿತು.

ಜಿ.ಐ. ಎಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ. ಸತು ಇರುವತನಕ ಕಬ್ಬಿಣ ಕ್ಷೇಮ. ಸತು ಸವೆದುಹೋದ ಮೇಲೆ ನೀರು ನೇರ ಕಬ್ಬಿಣಕ್ಕೇ ತಾಗಿ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಹಾಗಾಗಿ ಒಳಬಾಯಿ ಕಿರಿದಾಗುತ್ತ ಬರುತ್ತದೆ. ಬಿಳಿ ಕಿಟ್ಟದ್ದು ಬೇರೆ ಕತೆ. ನಮ್ಮ ನೆಲದಡಿ ಇರುವುದು ದಖ್ಖನಿನ ಕರಿಕಲ್ಲು. ಅದರ ಬಿರುಕುಗಳಲ್ಲಿ ನಿಂತ ಬೋರಿನ ನೀರು ಬಹಳ ಕಡೆ ಗಡಸು, ಕೆಲವು ಕಡೆ ಬಾಯಿಗಿಡಲಾಗದ ಸವಳು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಾಗ 600ರ ತನಕ ನಡೆಯುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಪದರುಗಟ್ಟುವ ಸುಣ್ಣದಂಥ ಕಿಟ್ಟ ಯಾವುದೋ, ಪೈಪಿನೊಳಗಿನದೂ ಅದೇ. ಹಂಡೆಯನ್ನು ಉಜ್ಜುತ್ತೀರಿ, ಪೈಪನ್ನು ಉಜ್ಜುವವರಾರು?

ಈಗ ಫೋರ್ಸಿನ ಲೆಕ್ಕ. ಪೈಪಿನ ಒಳಬಾಯಿ ಅರ್ಧವಾದರೆ ನೀರೂ ಅರ್ಧವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಅದೇ ಒತ್ತಡದಲ್ಲಿ ಹರಿವು ಸುಮಾರು ಆರನೇ ಒಂದಂಶಕ್ಕೆ ಇಳಿಯುತ್ತದೆ. ಒಳಮೈ ಗಂಟುಗಂಟಾಗಿದ್ದರೆ ಇನ್ನೂ ಕಡಿಮೆ. ನಮ್ಮಲ್ಲಿ ಒತ್ತಡವಾದರೂ ಎಷ್ಟು? ಹತ್ತು ಮೀಟರ್ ಎತ್ತರದ ನೀರು ನಿಂತರೆ ಚದರ ಸೆಂಟಿಮೀಟರಿಗೆ ಒಂದು ಕಿಲೊ ಒತ್ತಡ. ನಮ್ಮ ಟಾಕಿ ಮಾಳಿಗೆ ಮೇಲೆ, ನಳದಿಂದ ಮೂರು ನಾಲ್ಕು ಮೀಟರ್ ಎತ್ತರದಲ್ಲಿ. ಅಂದರೆ ಅರ್ಧ ಕಿಲೊವೂ ಇಲ್ಲ. ಹೊಸ ಪೈಪಿನಲ್ಲಿ ಅಷ್ಟು ಸಾಕಾಗುತ್ತಿತ್ತು, ಕಿಟ್ಟ ಕಟ್ಟಿದ್ದರಲ್ಲಿ ಸಾಲುವುದಿಲ್ಲ. ಅದಕ್ಕೆಂದು ಪ್ರೆಶರ್ ಪಂಪ್ ಕೂಡಿಸಿದಿರೋ, ನಲವತ್ತು ವರ್ಷ ಅರ್ಧ ಕಿಲೊ ಒತ್ತಡಕ್ಕೆ ಒಗ್ಗಿದ ಪೈಪಿನ ಮೇಲೆ ಒಮ್ಮೆಲೇ ಅದರ ಮೂರು ನಾಲ್ಕು ಪಟ್ಟು ಭಾರ ಬೀಳುತ್ತದೆ. ತುಕ್ಕಿನ ಗಂಟೇ ಬಿರಡೆಯಾಗಿ ಮುಚ್ಚಿಕೊಂಡಿದ್ದ ತೂತುಗಳು ಒಂದೊಂದಾಗಿ ಬಾಯಿ ಬಿಡುತ್ತವೆ. ಪಂಪ್ ಕೂಡಿಸಿದ ತಿಂಗಳೊಳಗೆ ಗೋಡೆ ಹಸಿಯಾಯಿತೆಂದು ಬಂದವರು ಬೈಯುವುದು ಪಂಪನ್ನು.

ಖರ್ಚು ಮಾಡುವ ಮೊದಲು ಮನೆಯಲ್ಲೇ ಒಂದಿಷ್ಟು ಪರೀಕ್ಷೆ ಮಾಡಿ, ಯಾರಿಗೂ ಕೂಲಿ ಕೊಡಬೇಕಿಲ್ಲ. ಟಾಕಿಯಿಂದ ಪೈಪು ಹೊರಡುವ ಜಾಗದಲ್ಲಿ ಒಂದು ಬಕೇಟು ತುಂಬಲಿಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ, ಅದೇ ಬಕೇಟನ್ನು ಬಚ್ಚಲ ನಳಕ್ಕೆ ಹಿಡಿದು ನೋಡಿ. ರಾತ್ರಿ ಎಲ್ಲ ನಳ ಬಂದ್ ಮಾಡಿ ಟಾಕಿಯ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ, ಬೆಳಿಗ್ಗೆ ನೀರು ಗೆರೆಯಿಂದ ಇಳಿದಿದ್ದರೆ ಅದು ನಿಮ್ಮ ಗೋಡೆಗೋ ನೆಲಕ್ಕೋ ಹೋಗಿದೆ. ಬೆಳಗಿನ ಮೊದಲ ಚೊಂಬು ನೀರನ್ನು ಬಿಳಿ ಬಟ್ಟಲಿನಲ್ಲಿ ಹಿಡಿಯಿರಿ. ಕೆಂಪಾಗಿದ್ದು ಸ್ವಲ್ಪ ಹೊತ್ತಿಗೆ ತಿಳಿಯಾದರೆ ತುಕ್ಕು ನಿಮ್ಮ ಮನೆಯ ಪೈಪಿನದೇ, ರಾತ್ರಿಯೆಲ್ಲ ನಿಂತ ನೀರಿಗೆ ಇಳಿದದ್ದು. ಎಷ್ಟು ಹರಿಸಿದರೂ ಕೆಂಪೇ ಬಂದರೆ ತಕರಾರು ಹೊರಗಿನದು. ಮತ್ತೆ ಗಂಡಸರಿಗೆ ಒಂದು ಮಾತು: ಪ್ಲಂಬರನನ್ನು ಕರೆಯುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಯಾವ ನಳ ಯಾವ ದೀಪಾವಳಿಯಿಂದ ಸಣ್ಣಗಾಯಿತು, ಯಾವ ಗೋಡೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ ಎಂಬುದು ಅವರಿಗೆ ಬಾಯಿಪಾಠ.

ತೇಪೆ ಏಕೆ ಬೇಡ ಎಂದರೆ, ಜಿ.ಐ. ಪೈಪು ಮೊದಲು ಸೋಲುವುದು ಮರೆಯಲ್ಲಿ, ಅಂದರೆ ಜೋಡಣೆಯ ಜಾಗದಲ್ಲಿ. ಡೈ ಹೊಡೆದು ಮರೆ ಕೊರೆಯುವಾಗ ಸತುವಿನ ಲೇಪ ಕೆತ್ತಿಹೋಗಿರುತ್ತದೆ, ಪೈಪಿನ ದಪ್ಪವೂ ಅಲ್ಲಿ ಅರೆವಾಸಿಯಾಗಿರುತ್ತದೆ. ಅದರ ಮೇಲೆ ಸುತಳಿ ಸುತ್ತಿ ಸಫೇದಾ ಮೆತ್ತಿ ಸಾಕೆಟ್ ಬಿಗಿದಿರುತ್ತಾರೆ. ಹಳೆ ಕಾಲದಲ್ಲಿ ರೊಕ್ಕ ಉಳಿಸಲು ಹಳದಿ ಪಟ್ಟಿಯ ಹಗುರ ಪೈಪು ಹಾಕಿದವರೇ ಹೆಚ್ಚು. ನೀಲಿ ಪಟ್ಟಿಯದು ಮಧ್ಯಮ, ಕೆಂಪು ಪಟ್ಟಿಯದು ಭಾರಿ. ಈಗ ನಿಮ್ಮ ಬಚ್ಚಲ ಎಲ್ಬೋ ಸೋರುತ್ತದೆ ಎನ್ನಿ. ಪ್ಲಂಬರ್ ಪಾನಾ ಹಾಕಿ ತಿರುಗಿಸುತ್ತಾನೆ. ಆ ತಿರುವು ಎಲ್ಬೋದಲ್ಲಿ ನಿಲ್ಲುವುದಿಲ್ಲ, ಪೈಪಿನುದ್ದಕ್ಕೂ ಹೋಗಿ ಗೋಡೆಯೊಳಗಿನ ಇನ್ನೊಂದು ಸಾಕೆಟ್ಟಿನ ಮರೆಯಲ್ಲಿ ಟಕ್ಕೆಂದು ಮುರಿಯುತ್ತದೆ. ಅಷ್ಟು ಗೋಡೆ ಒಡಿ. ಅಲ್ಲಿ ಹೊಸ ತುಂಡು ಕೂಡಿಸುವಾಗ ಮುಂದಿನ ಮರೆ. ಇನ್ನಷ್ಟು ಒಡಿ. "ಸಾಹೇಬ್ರ, ಮುಟ್ಟಿದಲ್ಲೆಲ್ಲಾ ಉದರಾಕ್ಹತ್ತೇತಿ, ನಾ ಏನ್ ಮಾಡ್ಲಿ" ಎಂದು ಪ್ಲಂಬರ್ ಕೈಚೆಲ್ಲಿದರೆ ಅವನ ತಪ್ಪಲ್ಲ. ಇದರ ಜೊತೆಗೆ ಹಳೆ ಕಬ್ಬಿಣಕ್ಕೆ ನೇರವಾಗಿ ಹೊಸ ಹಿತ್ತಾಳೆ ವಾಲ್ ಕೂಡಿಸಿದರೆ, ನೀರಿನ ನಡುವೆ ಆ ಎರಡು ಲೋಹ ಸೇರಿದ ಜಾಗದಲ್ಲಿ ಸವೆಯುವುದು ಕಬ್ಬಿಣವೇ, ಅದೂ ಬೇಗ.

ಎಲ್ಲದಕ್ಕಿಂತ ತೊಡಕಿನ ಸಂಗತಿಗೆ ಬರುತ್ತೇನೆ. ಅದು ಕಬ್ಬಿಣದ್ದಲ್ಲ, ಅಣ್ಣತಮ್ಮಂದಿರದು. ನಮ್ಮ ಪೇಟೆಯ ದೊಡ್ಡ ಮನೆಗಳಲ್ಲಿ ಒಂದೇ ಕುಟುಂಬದ ಕೈಯಲ್ಲಿ ಉಳಿದವು ಕಡಿಮೆ. ಪಾಲಾಗುವಾಗ ಪಂಚರು ಕೂತು ಪಡಸಾಲೆ ಯಾರಿಗೆ, ಅಟ್ಟ ಯಾರಿಗೆ, ಹಿತ್ತಲ ಬಾಗಿಲು ಯಾರಿಗೆ ಎಂದು ನೂಲು ಹಿಡಿದು ಅಳೆದಿರುತ್ತಾರೆ. ಪೈಪಿನ ಸುದ್ದಿ ಯಾರೂ ತೆಗೆದಿರುವುದಿಲ್ಲ. ನೀರಿನ ಹೌದ ಅಣ್ಣನ ಅಂಗಳದಲ್ಲಿ, ಮೋಟರು ತಮ್ಮನ ಹೆಸರಿನ ಮೀಟರಿನಲ್ಲಿ, ಪೈಪು ಇಬ್ಬರ ನಡುವಿನ ಗೋಡೆಯೊಳಗೆ. ಆ ಗೋಡೆ ಒಂದು ಕಡೆ ಹಸಿಯಾದರೆ ಸೋರಿಕೆ ಇನ್ನೊಂದು ಕಡೆ ಇರುತ್ತದೆ. ತಮ್ಮನ ಮಲಗುವ ಕೋಣೆಯ ಗೋಡೆ ಒಡೆದರೆ ಅಣ್ಣನ ಬಚ್ಚಲು ಸರಿಹೋದೀತು, ಆದರೆ ಒಡೆಯಲು ತಮ್ಮ ಬಿಡಬೇಕಲ್ಲ. ಮೂರು ವರ್ಷದಿಂದ ಮಾತಿಲ್ಲದ ಅಣ್ಣತಮ್ಮಂದಿರ ನಡುವೆ ನೀರು ಮಾತ್ರ ಹರಿದಾಡುತ್ತ ಎರಡೂ ಮನೆಯ ಗೋಡೆ ತಿನ್ನುತ್ತಿರುವುದನ್ನು ಒಂದಲ್ಲ, ನಾಲ್ಕಾರು ಮನೆಗಳಲ್ಲಿ ಕಂಡಿದ್ದೇನೆ. ಪೈಪು ಹೊರಗೆ ಬಂದರೆ ಈ ಜಗಳಕ್ಕೆ ಅರ್ಧ ಮದ್ದು ಸಿಕ್ಕಂತೆ. ಅವರವರ ಟಾಕಿಯಿಂದ ಅವರವರ ಗೋಡೆಯ ಮೇಲೆ ಅವರವರ ಪೈಪು ಇಳಿಯುತ್ತದೆ, ಎಲ್ಲಿ ಸೋರಿದರೂ ಇಬ್ಬರಿಗೂ ಕಾಣುತ್ತದೆ. ಇನ್ನು ಮುಂದೆ ಪಾಲು ಮಾಡಲು ಕೂರುವ ಪಂಚರಿಗೆ ನನ್ನ ಕೋರಿಕೆ: ಪಾಲಿನ ಕಾಗದದಲ್ಲಿ ನೀರಿನ ಜೋಡಣೆಗೂ ಎರಡು ಸಾಲು ಇರಲಿ.

ಗೋಡೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. 2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟು ಭೀಮೆ ಉಕ್ಕಿದಾಗ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಹೇಗೆ ಕುಸಿದವೆಂದು ನಿಮಗೆಲ್ಲ ನೆನಪಿದೆ. ಕಲ್ಲುಗೋಡೆಯನ್ನು ಹಿಡಿದಿಟ್ಟಿರುವುದು ಒಣಗಿದ ಮಣ್ಣು, ಅದು ನೆನೆದರೆ ಹಿಡಿತ ಹೋಯಿತು. ಹೊಳೆ ಮೂರು ದಿನದಲ್ಲಿ ಮಾಡಿದ ಕೆಲಸವನ್ನು ಗೋಡೆಯೊಳಗಿನ ಸೂಜಿತೂತು ಮೂರು ವರ್ಷದಲ್ಲಿ ಮಾಡುತ್ತದೆ. ಮೊದಲು ಹೊರಗಿನ ಗಿಲಾವು ಉಬ್ಬುತ್ತದೆ, ಬಿಳಿ ಉಪ್ಪು ಹೂತು ಬರುತ್ತದೆ. ಆಗ ನಾವು ಮಾಡುವುದೇನು? ಗಿಲಾವು ಕೆತ್ತಿಸಿ ಸಿಮೆಂಟ್ ಬಳಿಸುತ್ತೇವೆ. ಸಿಮೆಂಟು ಆ ಹಸಿಯನ್ನು ಹೊರಗೆ ಆರಲು ಬಿಡದೆ ಒಳಗೇ ಕಟ್ಟಿಹಾಕುತ್ತದೆ. ಇಂಥ ಗೋಡೆಗೆ ಚಾಣ ಹಿಡಿದು ಮುಚ್ಚು ಪೈಪಿಗಾಗಿ ಉದ್ದಕ್ಕೂ ಕಾಲುವೆ ಕೊರೆಯುವುದೆಂದರೆ, ಇನ್ನೂ ಗಟ್ಟಿ ಇರುವ ಕಲ್ಲನ್ನೂ ಸಡಿಲಿಸಿದ ಹಾಗೆ. ಬೆಂಗಳೂರಿನ ಕಾಂಕ್ರೀಟ್ ಫ್ಲ್ಯಾಟಿನಲ್ಲಿ ಅದು ನಡೆದೀತು. ಕೆಸರುಮಣ್ಣಿನ ಗೋಡೆಗೆ ಆ ಫೋಟೊ ತಂದು ತೋರಿಸಬೇಡಿ.

ಪೈಪು ಕಂಡರೆ ಮನೆಯ ಅಂದ ಕೆಡುತ್ತದೆ ಎಂದು ಬೀಗರ ಎದುರು ಸಂಕೋಚಪಡುವವರಿಗೆ ವಿಜಯಪುರದ ಕಡೆ ಬೊಟ್ಟು ಮಾಡುತ್ತೇನೆ. ಆದಿಲ್‌ಶಾಹಿಗಳು ಆ ಊರಿಗೆ ತೊರವಿಯ ಕಡೆಯಿಂದಲೂ, ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ನೀರು ತಂದರು. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಗಾರೆಯಲ್ಲಿ ಹಾಸಿ ನೆಲದಡಿ ಹಾಯಿಸಿದ ಜಾಲ ಅದು. ಆದರೆ ಅಷ್ಟಕ್ಕೆ ಕೈತೊಳೆದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರ ಎತ್ತಿದರು. ನೀರು ಗಂಜಿನೊಳಗೆ ಏರಿ ಇಳಿದು ಮುಂದೆ ಹೋಗಬೇಕು. ಕೊಳವೆಯ ಮೇಲಿನ ಒತ್ತಡ ಅಲ್ಲಿ ಇಳಿಯುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ಕೆಲಸದವರು ಅಲ್ಲೇ ತೆಗೆದು ಚೊಕ್ಕ ಮಾಡಬಹುದು. ಇಂದಿಗೂ ಒಂದಷ್ಟು ಗಂಜುಗಳು ನಿಂತಿವೆ, ಗೋಳಗುಮ್ಮಟ ನೋಡಲು ಹೋದವರು ಅವನ್ನು ಕಾವಲು ಗೋಪುರವೆಂದು ತಿಳಿದು ದಾಟಿಹೋಗುತ್ತಾರೆ. ಗೋಳಗುಮ್ಮಟ ಕಟ್ಟಿದ ಮನೆತನ ನೀರಿನ ಗೋಪುರವನ್ನು ಬೀದಿಯಲ್ಲೇ ನಿಲ್ಲಿಸಲು ನಾಚಲಿಲ್ಲ. ಕೈ ಹಾಕಲಾಗದ ಕಡೆ ನೀರನ್ನು ಕಳಿಸಬಾರದು ಎಂಬ ವಿವೇಕ ಆ ಕಟ್ಟಡದಲ್ಲಿದೆ, ನಮ್ಮ ಟೈಲ್ಸ್ ಹಿಂದಿನ ಫಿಟಿಂಗಿನಲ್ಲಿ ಇಲ್ಲ.

ಸರಿ, ಹೊರಗೆ ಹಾಕುವುದು ಹೇಗೆ? ತಣ್ಣೀರಿಗೆ ಯುಪಿವಿಸಿ ಸಾಕು. ಗೀಸರ್, ಸೋಲಾರ್ ಇದ್ದರೆ ಕೆನೆಬಣ್ಣದ ಸಿಪಿವಿಸಿ ಬೇಕು. ಅದು 90 ಡಿಗ್ರಿ ಬಿಸಿಯ ಆಸುಪಾಸು ತಡೆಯುತ್ತದೆ, ಯುಪಿವಿಸಿ 60 ದಾಟಿದರೆ ಮೆತ್ತಗಾಗುತ್ತದೆ. ಇಲ್ಲಿ ಅಂಗಡಿಯವನಾಗಿ ಒಂದು ಗುಟ್ಟು ಬಿಡುತ್ತೇನೆ. ಅರ್ಧ ಇಂಚಿನ ಜಿ.ಐ.ಗೆ ಬದಲು ಅರ್ಧ ಇಂಚಿನ ಸಿಪಿವಿಸಿ ಎಂದು ಕಣ್ಣುಮುಚ್ಚಿ ತಗೊಂಡು ಹೋಗಬೇಡಿ. ಜಿ.ಐ.ನ ಒಳಬಾಯಿ ಸುಮಾರು 16 ಮಿಲಿಮೀಟರ್, ಅದೇ ಹೆಸರಿನ ಸಿಪಿವಿಸಿಯದು 12–13. ಮಾಳಿಗೆ ಟಾಕಿಯ ಕಡಿಮೆ ಒತ್ತಡಕ್ಕೆ ಮುಕ್ಕಾಲು ಇಂಚಿನದೇ ಹಾಕಿ, ನಳದ ಹತ್ತಿರ ಬಂದಾಗಷ್ಟೇ ಅರ್ಧಕ್ಕೆ ಇಳಿಸಿ. ಪೈಪಿನ ಮೈಮೇಲೆ ಐಎಸ್ ಗುರುತು ನೋಡಿ: ಸಿಪಿವಿಸಿಗೆ 15778, ಕುಡಿಯುವ ನೀರಿನ ಯುಪಿವಿಸಿಗೆ 4985. ಪಿವಿಸಿ ಬಿಸಿಗೆ ಕೆಡದಿರಲೆಂದು ಹಿಂದೆ ಸೀಸದ ಲವಣ ಬೆರೆಸುತ್ತಿದ್ದರು, ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಗುರುತಿಲ್ಲದ ಅಗ್ಗದ ಪೈಪಿನಲ್ಲಿ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಹೊಲಕ್ಕೆ ಹಾಕಿ ಉಳಿದ ಪೈಪನ್ನು ಅಡಿಗೆಮನೆಗೆ ತರುವ ಜಾಣತನವೂ ಬೇಡ.

ನಮ್ಮ ಬಿಸಿಲನ್ನು ಮರೆಯುವಂತಿಲ್ಲ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಪೈಪು ಕೆಲವೇ ವರ್ಷಗಳಲ್ಲಿ ಸುಣ್ಣದ ಹಾಗೆ ಪುಡಿಯೊಡೆದು ಪೆಡಸಾಗುತ್ತದೆ. ಸಾಧ್ಯವಾದಷ್ಟು ಪಡಸಾಲೆಯ ನೆರಳಿನಲ್ಲೇ ಹಾಯಿಸಿ, ಬಿಸಿಲಿಗೆ ಬರುವ ಭಾಗಕ್ಕೆ ನೀರಿನಲ್ಲಿ ಕಲಸುವ ಬಣ್ಣ ಎರಡು ಕೈ ಬಳಿಯಿರಿ. ಎಣ್ಣೆಬಣ್ಣ ಬೇಡ, ಅದರ ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಹತ್ತು ಮೀಟರ್ ಉದ್ದದ ಸಿಪಿವಿಸಿ 40 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು ಒಂದು ಇಂಚು ಬೆಳೆಯುತ್ತದೆ. ಎರಡೂ ತುದಿ ಬಿಗಿದು ನಿಲ್ಲಿಸಿದರೆ ಜೋಡಣೆ ಬಿರಿಯುತ್ತದೆ, ನಡುವೆ ಒಂದು ಬಳಸು ಕೊಟ್ಟು ಆಡಲು ಜಾಗ ಬಿಡಿ. ಕ್ಲಾಂಪು ಮೂರು ಅಡಿಗೊಂದರಂತೆ ಇರಲಿ, ಆದರೆ ಮಣ್ಣಿನ ಸಂದಿಗೆ ಡ್ರಿಲ್ ಹಾಕಿ ಮೊಳೆ ಹೊಡೆದರೆ ನಿಲ್ಲುವುದಿಲ್ಲ. ಕಲ್ಲಿಗೇ ಹಿಡಿಸಿ, ಇಲ್ಲವೆ ತೊಲೆಯಿಂದ ಕಂಬಕ್ಕೆ ಒಂದು ಕಟ್ಟಿಗೆ ಪಟ್ಟಿ ಕಟ್ಟಿ ಅದಕ್ಕೆ ಕ್ಲಾಂಪು ಹೊಡೆಯಿರಿ. ಪ್ರತಿ ಕೋಣೆಗೂ ಬೇರೆ ಚಾವಿ ಇಡಿ. ಬಚ್ಚಲ ನಳ ಕೆಟ್ಟರೆ ಅಡಿಗೆ ನಿಲ್ಲಬಾರದು.

ಹಳೆ ಪೈಪಿನ ಎರಡೂ ತುದಿಗೆ ಬಿರಡೆ ಬಿಗಿದು ಒಣಗಲು ಬಿಡಿ. ಇದರಲ್ಲೊಂದು ಅಪಾಯ ಅಡಗಿದೆ, ದಯವಿಟ್ಟು ಇದನ್ನು ಎರಡು ಸಲ ಓದಿ. ಹಳೆ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ತಂತಿಯನ್ನು ನಳದ ಪೈಪಿಗೇ ಸುತ್ತಿರುತ್ತಾರೆ. ಕಬ್ಬಿಣದ ಪೈಪು ನೆಲಕ್ಕೆ ಇಳಿದಿರುವತನಕ ಅದು ಹೇಗೋ ನಡೆಯುತ್ತಿತ್ತು. ನಡುವೆ ಒಂದು ಮಾರು ಪ್ಲಾಸ್ಟಿಕ್ ಬಂತೆಂದರೆ ಅರ್ಥಿಂಗ್ ಇಲ್ಲವಾಯಿತು. ಮೋಟರಿನಲ್ಲೋ ಗೀಸರಿನಲ್ಲೋ ಕರೆಂಟು ಸೋರಿದರೆ ಒದ್ದೆ ಕೈಯಲ್ಲಿ ನಳ ಮುಟ್ಟಿದವರ ಗತಿಯೇನು? ಪ್ಲಂಬರ್ ಬರುವ ಮುನ್ನ ವೈರ್‌ಮನ್ ಬರಲಿ, ಬೇರೆ ಅರ್ಥಿಂಗ್ ಗುಂಡಿ ಆಗಲಿ, ಆಮೇಲೆ ಪೈಪು ಕತ್ತರಿಸಿ.

ಇಷ್ಟು ಹೊತ್ತು ಹೇಳಿದ್ದು ಮನೆಯೊಳಗಿನ ಪೈಪು. ನನಗೆ ನಿಜಕ್ಕೂ ಹೆದರಿಕೆ ಇರುವುದು ಹೊಸ್ತಿಲ ಹೊರಗಿನ ಹತ್ತು ಅಡಿಯ ಬಗ್ಗೆ. ಬೀದಿಯ ದೊಡ್ಡ ಪೈಪಿನಿಂದ ನಿಮ್ಮ ಮನೆಗೆ ಬರುವ ಜೋಡಣೆ ಗಟಾರವನ್ನು ದಾಟಿಯೇ ಬರುತ್ತದೆ. ದಾಟುವುದೆಂದರೆ ಬಹಳ ಕಡೆ ಗಟಾರದ ನೀರಿನಲ್ಲೇ ಮುಳುಗಿರುತ್ತದೆ. ತುಕ್ಕು ಹಿಡಿದ ಪೈಪಿನಲ್ಲಿ ನೀರು ತುಂಬಿ ಒತ್ತಡವಿರುವಾಗ ತೂತಿನಿಂದ ಹೊರಗೆ ಚಿಮ್ಮುತ್ತದೆ, ಅಷ್ಟು ನೀರು ಹಾಳು, ಮನುಷ್ಯರಿಗೆ ಅಪಾಯವಿಲ್ಲ. ನೀರು ಬಿಡುವುದು ನಿಂತ ಮೇಲೆ ಪೈಪು ಖಾಲಿಯಾಗಿ ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ಗಟಾರದಲ್ಲಿ ಮುಳುಗಿದ ತೂತು ಗಾಳಿಯ ಬದಲು ಗಟಾರವನ್ನೇ ಎಳೆದುಕೊಳ್ಳುತ್ತದೆ. ಯಾರಾದರೂ ನಳಕ್ಕೇ ಮೋಟರು ಹಚ್ಚಿ ಎಳೆದರಂತೂ ಮುಗಿಯಿತು. ಮೋಟರು ನಿಮ್ಮದು, ತೂತು ನೆರೆಯವರದು, ಜ್ವರ ಇಡೀ ಓಣಿಗೆ. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ವಾಂತಿಭೇದಿ, ಕಾಮಾಲೆ ಹಬ್ಬುವ ದಾರಿಗಳಲ್ಲಿ ಇದೂ ಒಂದು. ಕಲುಷಿತ ನೀರು ಕುಡಿದು 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜನ ಸತ್ತದ್ದನ್ನು ಪೇಪರಿನಲ್ಲಿ ಓದಿ ನಾವು ನಿಟ್ಟುಸಿರು ಬಿಟ್ಟೆವು. ನಮ್ಮ ಮನೆ ಮುಂದಿನ ಗಟಾರಕ್ಕೆ ಬಗ್ಗಿ ನೋಡಿದವರು ಎಷ್ಟು ಜನ?

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ 2008ರ ಹೊತ್ತಿಗೆ ದಿನವಿಡೀ ನೀರು ಕೊಡುವ ಪ್ರಯೋಗ ಶುರುವಾಯಿತು. ಅಲ್ಲಿ ಹಳೆ ಜಾಲಕ್ಕೆ ತೇಪೆ ಹಾಕಲಿಲ್ಲ. ಮನೆಗಳ ಜೋಡಣೆಯನ್ನೂ ಸೇರಿಸಿ ಹೊಸ ಪೈಪನ್ನೇ ಹಾಕಿದರು. ಪೈಪಿನಲ್ಲಿ ಸದಾ ಒತ್ತಡವಿದ್ದರೆ ಹೊರಗಿನ ಹೊಲಸು ಒಳಗೆ ಬರಲಾರದು ಎಂಬುದೂ ಅದರ ಹಿಂದಿನ ಲೆಕ್ಕ. ಆ ಭಾಗ್ಯ ನಮಗೆ ಎಂದು ಬರುತ್ತದೋ ಬರಲಿ. ಅಲ್ಲಿಯವರೆಗೆ ಗಟಾರ ದಾಟುವ ತುಂಡನ್ನಾದರೂ ಬದಲಿಸಬಹುದು. ಕರಿ ಮೈಗೆ ನೀಲಿ ಗೆರೆಯ ಎಚ್‌ಡಿಪಿಇ ಪೈಪು ನಡುವೆ ಜೋಡಣೆಯಿಲ್ಲದೆ ಒಂದೇ ತುಂಡಾಗಿ ಬರುತ್ತದೆ. ಅದನ್ನು ಇನ್ನೊಂದು ದಪ್ಪ ಪೈಪಿನೊಳಗೆ ತೂರಿಸಿ ಗಟಾರದ ತಳದಲ್ಲಿ ಅಲ್ಲ, ಅಂಚಿನ ಮೇಲೆ ದಾಟಿಸಿ. ನಳಕ್ಕೆ ನೇರ ಮೋಟರು ಹಚ್ಚುವುದನ್ನು ಬಿಟ್ಟು, ನೀರು ತಾನಾಗಿ ಹೌದಕ್ಕೆ ಬೀಳಲಿ, ಹೌದದಿಂದ ಟಾಕಿಗೆ ಮೋಟರು ಏರಿಸಲಿ. ನೀರು ಬಂದ ಮೊದಲ ಕೆಲವು ನಿಮಿಷದ್ದನ್ನು ಹೌದಕ್ಕೆ ಬಿಡದೆ ಅಂಗಳ ತೊಳೆಯಲು ಹಿಡಿಯಿರಿ.

ಇನ್ನೊಂದು ಮುನ್ನೆಚ್ಚರಿಕೆ, ಬೋರಿನ ಬದಲು ಹೊಳೆನೀರು ನಳಕ್ಕೆ ಬರುವವರಿಗೆ. ವರ್ಷಗಟ್ಟಲೆ ಬೋರಿನ ಸವಳು ಕುಡಿದ ಪೈಪಿಗೆ ಒಮ್ಮೆಲೇ ಬೇರೆ ಗುಣದ ನೀರು ಬಿಟ್ಟರೆ ಒಳಗಿನ ಕಿಟ್ಟ, ತುಕ್ಕು ಸಡಿಲಾಗಿ ಬರಬಹುದು. 2014ರ ಏಪ್ರಿಲಿನಲ್ಲಿ ಅಮೆರಿಕದ ಫ್ಲಿಂಟ್ ನಗರ ಖರ್ಚು ಉಳಿಸಲೆಂದು ಡೆಟ್ರಾಯಿಟಿನ ನೀರು ಬಿಟ್ಟು ತನ್ನ ಊರ ನದಿಯ ನೀರು ಹರಿಸಿತು, ಪೈಪು ಸವೆಯದಂತೆ ತಡೆಯುವ ಔಷಧಿ ಬೆರೆಸಲಿಲ್ಲ. ಹಳೆ ಸೀಸದ ಜೋಡಣೆಗಳಿಂದ ಸೀಸ ಕರಗಿ ಮಕ್ಕಳ ರಕ್ತಕ್ಕೆ ಇಳಿಯಿತು. ನಮ್ಮ ಕಡೆ ಸೀಸದ ಪೈಪಿನ ಮನೆ ನಾನು ಕಂಡಿಲ್ಲ, ಆ ಭಯ ಬೇಡ. ಆದರೆ ನೀರು ಬದಲಾದ ಹೊಸತರಲ್ಲಿ ನಳದಿಂದ ಕೆಂಪು ಬಂದರೆ ಹೊಳೆಯನ್ನು ಬೈಯಬೇಡಿ, ಅದು ನಿಮ್ಮದೇ ಪೈಪಿನ ಹಳೆ ಬಾಕಿ. ಕುಡಿಯುವ ನೀರಿಗೂ ಬಳಕೆಯ ಬೋರಿಗೂ ಒಂದೇ ಟಾಕಿ ಇದ್ದವರು ಹೊಸ ಪೈಪು ಹಾಕುವಾಗಲೇ ಎರಡನ್ನೂ ಬೇರೆ ಮಾಡಿಕೊಳ್ಳಿ, ಆಮೇಲೆ ಮಾಡಿಸಿದರೆ ಎರಡು ಪಟ್ಟು ಖರ್ಚು.

ಎಲ್ಲವನ್ನೂ ಒಮ್ಮೆಗೇ ಮಾಡಿಸುವ ಶಕ್ತಿ ಇಲ್ಲದವರು ಹೊರಗಿನಿಂದ ಒಳಕ್ಕೆ ಬನ್ನಿ. ಮೊದಲು ಗಟಾರ ದಾಟುವ ತುಂಡು, ಆಮೇಲೆ ಅಡಿಗೆಮನೆ, ಬಚ್ಚಲು ಕೊನೆಗೆ. ಬೀದಿಯಲ್ಲಿ ಹೊಸ ಪೈಪಿಗಾಗಿ ಅಗೆತ ಶುರುವಾದರೆ ಅದೇ ವಾರ ನಿಮ್ಮ ಜೋಡಣೆ ಬದಲಿಸುವುದು ಎಲ್ಲಕ್ಕಿಂತ ಅಗ್ಗ. ಒಬ್ಬೊಬ್ಬರೇ ಹೋಗಿ ಕೇಳುವ ಬದಲು ಓಣಿಯ ಹತ್ತು ಮನೆಯವರು ಕೂಡಿ ಪಟ್ಟಣ ಪಂಚಾಯಿತಿಗೆ ಒಂದೇ ಅರ್ಜಿ ಬರೆಯಿರಿ, ಗಟಾರ ದಾಟುವ ಕಡೆಯೆಲ್ಲ ಹೊರಕವಚದ ಪೈಪು ಹಾಕಿಯೇ ಜೋಡಣೆ ಕೊಡಬೇಕೆಂದು ಅದರಲ್ಲಿರಲಿ. ಅರ್ಜಿ ಬರೆದುಕೊಡಲು ಯಾರೂ ಸಿಗದಿದ್ದರೆ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಅಂಗಡಿಗೆ ಬನ್ನಿ. ಆ ಹೊತ್ತಿನ ಬಿಸಿಲಿಗೆ ಗಿರಾಕಿ ಬರುವುದಿಲ್ಲ, ನಾನು ಖಾಲಿ ಇರುತ್ತೇನೆ.

ತಮ್ಮವ,
ಚಡಚಣ ಪೇಟೆಯ ಪೈಪಿನ ಅಂಗಡಿಯವ